ಸದ್ಭಾವದಿಂದ: ಒಂದು ಕ್ರಿಯಾವಿಶೇಷಣದ ಚರಿತ್ರೆ

ಮಗನನ್ನು ವಿದ್ಯಾರ್ಥಿನಿಲಯಕ್ಕೆ ಸೇರಿಸಬೇಕಾದಾಗಲೋ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದಾಗಲೋ ನಮ್ಮಲ್ಲಿ ತಂದೆತಾಯಿಗಳು ಶಾಲೆಯ ಕಚೇರಿಗೆ ಹೋಗಿ ಒಂದು ‘ಬೋನಫೈಡ್’ ಬೇಕೆಂದು ಕೇಳುತ್ತಾರೆ. ಹುಡುಗನು ಆ ಶಾಲೆಯಲ್ಲಿ ನಿಜವಾಗಿಯೂ ಓದುತ್ತಿದ್ದಾನೆಂದು ಮುಖ್ಯೋಪಾಧ್ಯಾಯರು ರುಜು ಮಾಡಿ ಮೊಹರು ಒತ್ತಿಕೊಡುವ ಕಾಗದ ಅದು. ಬಳಕೆಯ ಮಾತಿನಲ್ಲಿ ಈ ಶಬ್ದವು ಕಾಗದದ ಹೆಸರೇ ಆಗಿಹೋಗಿದೆ. ಆದರೆ ಹುಟ್ಟಿದ ಊರಿನಲ್ಲಿ ಅದು ನಾಮಪದವಾಗಿರಲಿಲ್ಲ. ಒಂದು ಕೆಲಸವನ್ನು ಯಾವ ಮನಸ್ಸಿನಿಂದ ಮಾಡಿದರೆಂಬುದನ್ನು ಸೂಚಿಸುವ ಕ್ರಿಯಾವಿಶೇಷಣವಾಗಿತ್ತು. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟ ಅದರ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮತ್ತೆಮತ್ತೆ ತಲೆಯೆತ್ತುತ್ತದೆ. ‘ನಾನು ಶುದ್ಧ ಮನಸ್ಸಿನಿಂದ ಮಾಡಿದೆ’ ಎಂಬ ಮಾತನ್ನು ಮಾಡಿದವನೇ ಹೇಳಿಕೊಂಡರೆ ಸಲ್ಲುತ್ತದೆಯೇ? ಸಲ್ಲದಿದ್ದರೆ, ಅನ್ಯರು ಅದನ್ನು ಯಾವ ಗುರುತಿನಿಂದ ತಿಳಿಯಬೇಕು?

ಲ್ಯಾಟಿನ್ ಭಾಷೆಯಲ್ಲಿ ಇದರ ರೂಪ ‘ಬೊನಾ ಫಿಡೇ’. ಮೊದಲನೆಯ ಪದಕ್ಕೆ ‘ಒಳ್ಳೆಯ’ ಎಂದರ್ಥ. ಕಾರ್ಖಾನೆಗಳಲ್ಲಿ ಹಂಚುವ ಬೋನಸ್ಸು ಕೂಡ ಇದೇ ಕುಲಕ್ಕೆ ಸೇರಿದ್ದು. ಎರಡನೆಯದು ‘ಫಿಡೇಸ್’ ಎಂಬ ಪದದಿಂದ ಬಂದದ್ದು. ನಂಬುಗೆ, ಕೊಟ್ಟ ಮಾತು, ಮಾತಿಗೆ ತಪ್ಪದಿರುವ ಗುಣ, ಇವೆಲ್ಲವೂ ಆ ಒಂದು ಪದದಲ್ಲಿ ಅಡಕವಾಗಿವೆ. ಎರಡು ಪದಗಳೂ ಇಲ್ಲಿ ನಿಂತಿರುವ ವಿಭಕ್ತಿಯು ನಮ್ಮ ತೃತೀಯೆಯ ಕೆಲಸವನ್ನೂ ಪಂಚಮಿಯ ಕೆಲಸವನ್ನೂ ಕೂಡಿಯೇ ಮಾಡುವಂಥದು. ‘ಕತ್ತಿಯಿಂದ ಕಡಿದನು’, ‘ಊರಿಂದ ಬಂದನು’ ಎಂಬ ಎರಡು ಕಡೆಯೂ ‘ಇಂದ’ ಎನ್ನುವ ಕನ್ನಡಿಗರಿಗೆ ಇದು ಹೊಸದಾಗಿ ತೋರದು. ‘ಒಳ್ಳೆಯ ನಂಬುಗೆಯಿಂದ’ ಎಂದರೆ ಅಕ್ಷರಾನುವಾದವಾಯಿತು. ನಮ್ಮ ಕಾನೂನಿನ ಕನ್ನಡದಲ್ಲಿ ‘ಸದ್ಭಾವನೆಯಿಂದ’ ಎಂಬುದು ರೂಢಿಯಾಗಿದೆ.

ರೋಮನರಿಗೆ ಫಿಡೇಸ್ ಎಂಬುದು ಗುಣವಷ್ಟೇ ಆಗಿರದೆ ದೇವತೆಯೂ ಆಗಿತ್ತು. ಅವರ ಪುರಾತನ ರಾಜನಾದ ನ್ಯೂಮನು ಈ ದೇವತೆಯ ಪೂಜೆಯನ್ನು ಏರ್ಪಡಿಸಿದನೆಂದೂ, ಪೂಜಾರಿಗಳು ಬಲಗೈಯನ್ನು ಬೆರಳುಗಳವರೆಗೆ ಬಟ್ಟೆಯಿಂದ ಸುತ್ತಿಕೊಂಡು ಬಲಿಯನ್ನರ್ಪಿಸಬೇಕೆಂದು ವಿಧಿಸಿದನೆಂದೂ ಚರಿತ್ರಕಾರನಾದ ಲಿವಿಯು ಬರೆದಿದ್ದಾನೆ. ನಂಬುಗೆಯ ನೆಲೆ ಬಲಗೈಯಲ್ಲಿ ಎಂಬ ಭಾವನೆ ಅದಕ್ಕೆ ಕಾರಣ. ಕ್ರಿ. ಪೂ. 3ನೆಯ ಶತಮಾನದಲ್ಲಿ ರೋಮಿನ ಕ್ಯಾಪಿಟಲ್ ಗುಡ್ಡದ ಮೇಲೆ ಈಕೆಗೆ ಗುಡಿಯೊಂದು ಎದ್ದಿತು. ಕೈಮೇಲೆ ಕೈ ಹಾಕಿ ಭಾಷೆ ಕೊಡುವ ನಮ್ಮ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡುವ ನುಡಿಗೂ ಕೊಟ್ಟ ವಚನಕ್ಕೂ ‘ಭಾಷೆ’ ಎಂಬ ಒಂದೇ ಶಬ್ದವನ್ನು ಬಳಸುವವರು ನಾವು.

ಆದರೆ ಭಾಷೆಯಿದ್ದಲ್ಲಿ ನುಣುಚಿಕೊಳ್ಳುವ ಸಂದು ಸಹ ಇರುತ್ತದೆ. ಕ್ರಿ. ಪೂ. 216ರಲ್ಲಿ ಕಾನೀ ಎಂಬಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲನು ರೋಮನ್ ಸೈನ್ಯವನ್ನು ಸುತ್ತುಗಟ್ಟಿ ಧ್ವಂಸಮಾಡಿದನು. ಸೆರೆಸಿಕ್ಕವರಲ್ಲಿ ಹತ್ತು ಮಂದಿಯನ್ನು ಆರಿಸಿ, ಒತ್ತೆಹಣದ ಮಾತನಾಡಿ ಬರುವುದಕ್ಕೆ ರೋಮಿಗೆ ಕಳುಹಿಸಿದನು. ಕೆಲಸ ಕೈಗೂಡದಿದ್ದರೆ ಹಿಂದಿರುಗಿ ಬರುವೆವೆಂದು ಅವರಿಂದ ಪ್ರಮಾಣ ಮಾಡಿಸಿಕೊಂಡನು. ಅವರಲ್ಲೊಬ್ಬನು ಪಾಳೆಯದಿಂದ ಹೊರಟು ನಾಲ್ಕು ಹೆಜ್ಜೆ ಹೋದವನು, ಏನನ್ನೋ ಮರೆತವನಂತೆ ನಟಿಸಿ ಒಳಗೆ ಹೋಗಿ ಮತ್ತೆ ಹೊರಬಂದನು. ರೋಮಿನ ಸೆನೆಟ್ ಸಭೆಯು ಹಣ ಕೊಡಲು ಒಪ್ಪಲಿಲ್ಲ. ಉಳಿದವರು ಶತ್ರುವಿನ ಕಡೆಗೆ ಹೊರಟು ನಿಂತಾಗ ಈ ಮಹಾಶಯನು, ‘ಹಿಂದಿರುಗುವೆನೆಂದು ಪ್ರಮಾಣ ಮಾಡಿದ್ದೆ, ಒಮ್ಮೆ ಹಿಂದಿರುಗಿದ್ದೂ ಆಯಿತು, ಇನ್ನು ನನ್ನ ಋಣ ತೀರಿತು’ ಎಂದು ವಾದಿಸಿದನು. ಸಭೆಯು ಅವನ ಕೈಕಾಲು ಕಟ್ಟಿಸಿ ಹ್ಯಾನಿಬಲನ ಬಳಿಗೆ ಕಳುಹಿಸಿತೆಂದು ಪಾಲಿಬಿಯಸನು ಹೇಳುತ್ತಾನೆ. ಹೀಗೆ ಮಾಡಿದವರು ಒಬ್ಬರಿಗಿಂತ ಹೆಚ್ಚು ಮಂದಿಯೆಂದೂ ಅವರಿಗೆ ಅಪಕೀರ್ತಿಯ ಶಿಕ್ಷೆಯಾಯಿತೆಂದೂ ಇನ್ನೊಂದು ಪಾಠವುಂಟು. ಹುಲಿಗೆ ಮಾತು ಕೊಟ್ಟು ಕರುವಿಗೆ ಹಾಲೂಡಿಸಿ ಮರಳಿ ಬಂದ ಪುಣ್ಯಕೋಟಿಯನ್ನು ಎಳೆಯಂದಿನಿಂದ ಬಲ್ಲ ನಮಗೆ ಈ ಜಾಣನ ಮೇಲೆ ಕನಿಕರ ಹುಟ್ಟುವುದು ಕಷ್ಟ. ಆದರೂ ಒಂದನ್ನು ಒಪ್ಪಬೇಕು. ಅಕ್ಷರಶಃ ನೋಡಿದರೆ ಅವನು ಸುಳ್ಳು ಹೇಳಿರಲಿಲ್ಲ. ಕ್ರಿಯಾಪದವನ್ನು ನೆರವೇರಿಸಿದ್ದನು, ಅದನ್ನು ಹೇಗೆ ನೆರವೇರಿಸಬೇಕೆಂಬುದನ್ನು ಮಾತ್ರ ಕೈಬಿಟ್ಟಿದ್ದನು.

ಈ ಸಂದನ್ನು ಮುಚ್ಚುವುದಕ್ಕಾಗಿಯೇ ರೋಮನರ ಪ್ರಮಾಣವಚನದಲ್ಲಿ ‘ಎಕ್ಸ್ ಆನಿಮಿ ಸೆಂಟೆಂಟಿಯಾ’ ಎಂಬ ಮಾತು ಸೇರಿಕೊಂಡಿತ್ತು. ‘ಮನಸ್ಸಿನ ನಿಶ್ಚಯದಂತೆ’ ಎಂದು ಅದರ ಅರ್ಥ. ನಮ್ಮ ‘ಮನಃಪೂರ್ವಕವಾಗಿ’ ಎಂಬುದಕ್ಕೆ ಬಹಳ ಸಮೀಪವಾದದ್ದು. ಪ್ರಜೆಗಳ ಗಣತಿಯನ್ನು ನಡೆಸುವ ಸೆನ್ಸಾರ್ ಎಂಬ ಅಧಿಕಾರಿಯು ಇದೇ ಮಾತನ್ನು ಮುಂದಿಟ್ಟು ಪ್ರಶ್ನೆ ಕೇಳುವನು. ಒಮ್ಮೆ ಅವನು ಒಬ್ಬ ಗೃಹಸ್ಥನನ್ನು, ‘ಮನಃಪೂರ್ವಕವಾಗಿ ಹೇಳು, ನಿನಗೆ ಹೆಂಡತಿಯುಂಟೆ?’ ಎಂದು ಕೇಳಲಾಗಿ, ಆತನು ‘ಉಂಟು, ಆದರೆ ಮನಃಪೂರ್ವಕವಾಗಿ ಅಲ್ಲ’ ಎಂಬರ್ಥ ಬರುವಂತೆ ಉತ್ತರಕೊಟ್ಟನಂತೆ. ಸಭೆ ನಕ್ಕಿರಬಹುದು, ಸೆನ್ಸಾರನು ನಗಲಿಲ್ಲ. ಈ ಹಾಸ್ಯಕ್ಕಾಗಿ ಆತನನ್ನು ಕೆಳಗಿನ ವರ್ಗಕ್ಕೆ ಇಳಿಸಿದನೆಂದು ಔಲಸ್ ಗೆಲಿಯಸನು ಬರೆದಿಟ್ಟಿದ್ದಾನೆ. ಪ್ರಮಾಣದ ಬೀಗದ ಕೈಯಂತಿದ್ದ ಪದವನ್ನೇ ಆಟದ ವಸ್ತುವಾಗಿ ಮಾಡಿಕೊಂಡನೆಂಬುದು ಅಧಿಕಾರಿಯ ಕೋಪಕ್ಕೆ ಕಾರಣ.

ಪ್ರಮಾಣ ಮಾಡುವ ಸಂದರ್ಭಗಳು ಬಾಳಿನಲ್ಲಿ ಅಪರೂಪ. ಕೊಳ್ಳುವ ಮಾರುವ ಸಂದರ್ಭಗಳು ದಿನವೂ ಬರುತ್ತವೆ. ಸಂತೆಯಲ್ಲಿ ಈ ನಂಬುಗೆಯ ಗತಿಯೇನೆಂಬುದನ್ನು ಸಿಸೆರೋವು ತನ್ನ ‘ಕರ್ತವ್ಯಗಳು’ ಎಂಬ ಗ್ರಂಥದ ಮೂರನೆಯ ಭಾಗದಲ್ಲಿ ಚರ್ಚಿಸುತ್ತಾನೆ. ಅವನು ಹೇಳುವ ಕಥೆಗಳಲ್ಲಿ ಒಂದಂತೂ ಯಾವ ಕಾಲಕ್ಕೂ ಹಳೆಯದಾಗುವಂತಿಲ್ಲ. ಕೇನಿಯಸ್ ಎಂಬ ರೋಮನ್ ಶ್ರೀಮಂತನು ವಿಶ್ರಾಂತಿಗಾಗಿ ಸಿಸಿಲಿಯ ಸಿರಕ್ಯೂಸ್ ಪಟ್ಟಣಕ್ಕೆ ಹೋದನು. ಸಮುದ್ರತೀರದಲ್ಲಿ ಒಂದು ಚಿಕ್ಕ ತೋಟ ಸಿಕ್ಕಿದರೆ ಕೊಳ್ಳಬೇಕು, ಗೆಳೆಯರನ್ನು ಕರೆದು ಸುಖವಾಗಿರಬೇಕು ಎಂದು ಆಗಾಗ ಹೇಳುತ್ತಿದ್ದನು. ಅಲ್ಲಿ ಪಿಥಿಯಸ್ ಎಂಬ ಲೇವಾದೇವಿಗಾರನಿದ್ದನು. ‘ನನ್ನದೊಂದು ತೋಟವಿದೆ, ಮಾರುವುದಕ್ಕಲ್ಲ, ಆದರೆ ನಿಮ್ಮದೆಂದೇ ತಿಳಿಯಿರಿ’ ಎಂದು ಅವನು ಕೇನಿಯಸನನ್ನು ಮಾರನೆಯ ದಿನ ಊಟಕ್ಕೆ ಕರೆದನು. ಅತ್ತ ಬೆಸ್ತರನ್ನು ಕರೆಸಿ, ನಾಳೆ ನನ್ನ ತೋಟದ ಮುಂದೆಯೇ ಮೀನು ಹಿಡಿಯಬೇಕೆಂದು ಗೊತ್ತುಮಾಡಿದನು. ಅತಿಥಿಯು ಬಂದು ನೋಡುತ್ತಾನೆ: ಕಣ್ಣು ಹಾಯುವಷ್ಟು ದೂರ ದೋಣಿಗಳು! ಒಬ್ಬೊಬ್ಬ ಬೆಸ್ತನೂ ತಾನು ಹಿಡಿದ ಮೀನನ್ನು ತಂದು ಪಿಥಿಯಸನ ಕಾಲಬಳಿ ಸುರಿಯುತ್ತಾನೆ. ಇದೇನೆಂದು ಕೇಳಿದರೆ, ಈ ಊರಿಗೆ ಮೀನೆಲ್ಲ ಸಿಕ್ಕುವುದು ಇಲ್ಲಿಯೇ, ಈ ತೋಟವಿಲ್ಲದೆ ಬೆಸ್ತರಿಗೆ ಜೀವನವಿಲ್ಲ ಎಂಬ ಉತ್ತರ ಬಂದಿತು. ಕೇನಿಯಸನಿಗೆ ಆಸೆ ಕೆರಳಿತು. ಮಾರುವುದಿಲ್ಲವೆಂದು ಪಿಥಿಯಸನು ಮೊದಮೊದಲು ಹಿಂಜರಿದನು, ಕೊನೆಗೆ ಒಪ್ಪಿದನು. ಕೇಳಿದಷ್ಟು ಬೆಲೆಗೆ, ಸಾಮಾನುಸರಂಜಾಮಿನ ಸಹಿತ ತೋಟದ ಕ್ರಯವಾಯಿತು. ಲೆಕ್ಕದ ಪುಸ್ತಕದಲ್ಲಿ ಬರೆದೂ ಆಯಿತು. ಮರುದಿನ ಕೇನಿಯಸನು ಗೆಳೆಯರೊಡನೆ ಬಂದರೆ ಒಂದು ದೋಣಿಯ ಸುಳಿವೂ ಇಲ್ಲ. ಬೆಸ್ತರಿಗೆ ಇಂದೇನಾದರೂ ಹಬ್ಬವೆ ಎಂದು ನೆರೆಯವನನ್ನು ಕೇಳಿದನು. ‘ನಾನರಿತಂತೆ ಹಬ್ಬವಿಲ್ಲ. ಇಲ್ಲಿ ಯಾರೂ ಮೀನು ಹಿಡಿಯುವುದೇ ಇಲ್ಲ. ನಿನ್ನೆ ಇದೇನು ನಡೆಯಿತೆಂದು ನನಗೂ ಆಶ್ಚರ್ಯವಾಗಿತ್ತು’ ಎಂದು ಆತನು ಹೇಳಿದನು.

ಕೇನಿಯಸನು ಸಿಟ್ಟಿಗೆದ್ದನು, ಆದರೆ ಮಾಡುವುದೇನು? ಋಣವು ಪುಸ್ತಕದಲ್ಲಿ ಬರೆಯಲ್ಪಟ್ಟಿತ್ತು. ಅಂಥ ಋಣದಲ್ಲಿ ಬರೆದದ್ದುಂಟೋ ಇಲ್ಲವೋ ಎಂಬುದಷ್ಟೇ ನ್ಯಾಯಾಧಿಪತಿಯ ವಿಚಾರಣೆಗೆ ಬರುವಂಥದು. ವಂಚನೆಯ ಮೇಲೆ ದಾವೆ ಹೂಡುವ ಕ್ರಮವನ್ನು ಸಿಸೆರೋವಿನ ಸ್ನೇಹಿತನೂ ಸಹೋದ್ಯೋಗಿಯೂ ಆಗಿದ್ದ ಅಕ್ವಿಲಿಯಸ್ ಗ್ಯಾಲಸನು ಇನ್ನೂ ಹೊರಡಿಸಿರಲಿಲ್ಲ.

ಇಲ್ಲಿಯೇ ನಮ್ಮ ಕ್ರಿಯಾವಿಶೇಷಣದ ಬೆಲೆ ತಿಳಿಯುವುದು. ರೋಮಿನಲ್ಲಿ ಕೆಲವು ಬಗೆಯ ವ್ಯಾಜ್ಯಗಳನ್ನು ನ್ಯಾಯಾಧಿಪತಿಗೆ ಒಪ್ಪಿಸುವಾಗ ಪ್ರೀಟರ್ ಎಂಬ ಅಧಿಕಾರಿಯು ಕೊಡುವ ಬರವಣಿಗೆಯಲ್ಲಿ, ಪ್ರತಿವಾದಿಯು ‘ಒಳ್ಳೆಯ ನಂಬುಗೆಯಿಂದ’ ಏನನ್ನು ಕೊಡಬೇಕೋ ಏನನ್ನು ಮಾಡಬೇಕೋ ಅದನ್ನು ನಿರ್ಣಯಿಸು ಎಂಬ ಪದಗಳಿರುತ್ತಿದ್ದುವು. ಮೈನರುಗಳ ಪೋಷಣೆ, ಪಾಲುಗಾರಿಕೆ, ಒಬ್ಬರಿಗಾಗಿ ಇನ್ನೊಬ್ಬರು ವಹಿಸಿಕೊಂಡ ಕೆಲಸ, ಕ್ರಯವಿಕ್ರಯ, ಬಾಡಿಗೆ, ಇವೆಲ್ಲ ಆ ಬಗೆಯವು. ಆ ಎರಡು ಪದಗಳನ್ನು ಸೇರಿಸಿದೊಡನೆಯೇ ನ್ಯಾಯಾಧಿಪತಿಯ ಕೈಕಟ್ಟು ಬಿಚ್ಚಿಹೋಗುತ್ತಿತ್ತು. ಏನು ಬರೆದರು ಎಂಬುದರ ಜೊತೆಗೆ ಹೇಗೆ ನಡೆದುಕೊಂಡರು ಎಂಬುದನ್ನೂ ಅವನು ವಿಚಾರಿಸಬಹುದಾಗಿತ್ತು. ಈ ಪದಗಳಿರುವ ವ್ಯಾಜ್ಯಗಳಲ್ಲಿಯೇ ಅತಿಶಯವಾದ ಬಲವಿದೆಯೆಂದು ಮಹಾಪುರೋಹಿತನೂ ಧರ್ಮಶಾಸ್ತ್ರಜ್ಞನೂ ಆಗಿದ್ದ ಕ್ವಿಂಟಸ್ ಸ್ಕೀವೋಲನು ಹೇಳುತ್ತಿದ್ದನಂತೆ. ಕ್ರಿ. ಪೂ. 95ರಲ್ಲಿ ಕಾನ್ಸಲನಾಗಿದ್ದ ಈತನು ಪಾಠ ಹೇಳಿದಂತೆಯೇ ನಡೆದುಕೊಂಡವನು. ಒಂದು ಜಮೀನನ್ನು ಕೊಳ್ಳಲು ಹೋಗಿ, ಚೌಕಾಸಿಯಿಲ್ಲದೆ ಒಂದೇ ಮಾತಿನಲ್ಲಿ ಬೆಲೆ ಹೇಳೆಂದು ಮಾರುವವನನ್ನು ಕೇಳಿದನು. ಅವನು ಹೇಳಿದನು. ‘ನನ್ನ ಅಂದಾಜಿನಲ್ಲಿ ಇದಕ್ಕೆ ಇನ್ನೂ ಹೆಚ್ಚು ಬೆಲೆ’ ಎಂದು ಸ್ಕೀವೋಲನು 100,000 ಸೆಸ್ಟರ್ಸುಗಳನ್ನು ಮೇಲೆ ಸೇರಿಸಿ ಕೊಟ್ಟನು. ಇದು ಒಳ್ಳೆಯವನ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ, ಬುದ್ಧಿವಂತನ ಕೆಲಸವೆಂದು ಒಪ್ಪುವುದಿಲ್ಲ ಎಂದು ಸಿಸೆರೋವು ನೊಂದುಕೊಳ್ಳುತ್ತಾನೆ. ತಾನು ಸದ್ಭಾವದಿಂದ ಕೊಂಡೆನೆಂದು ಸ್ಕೀವೋಲನು ಎಲ್ಲಿಯೂ ಹೇಳಿಕೊಂಡದ್ದಾಗಿ ತಿಳಿಯದು. ಹೇಳಿಕೊಳ್ಳುವ ಅವಶ್ಯಕತೆಯೂ ಇರಲಿಲ್ಲ.

ರೋಮನ್ ಸಾಮ್ರಾಜ್ಯ ಅಳಿದರೂ ಅದರ ಧರ್ಮಶಾಸ್ತ್ರವು ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಉಳಿಯಿತು. ಇಂಗ್ಲೆಂಡಿನವರು ತಮ್ಮದೇ ಆದ ಕಾನೂನನ್ನು ಬೆಳೆಸಿಕೊಂಡರೂ ಲ್ಯಾಟಿನ್ ಪದಗಳನ್ನು ಬಿಡಲಿಲ್ಲ. ಎಲಿಜಬೆತ್ ರಾಣಿಯ ಕಾಲದಲ್ಲಿ, 1571ರಲ್ಲಿ, ಸಾಲಗಾರರು ಸಾಲಕೊಟ್ಟವರನ್ನು ವಂಚಿಸುವುದಕ್ಕಾಗಿ ಆಸ್ತಿಯನ್ನು ಪರರ ಹೆಸರಿಗೆ ಮಾಡುವುದನ್ನು ತಡೆಯಲು ಒಂದು ಶಾಸನವಾಯಿತು. ಯೋಗ್ಯವಾದ ಪ್ರತಿಫಲಕ್ಕೆ ‘ಬೋನಾ ಫೈಡಿ’ ನಡೆದ ವ್ಯವಹಾರಕ್ಕೆ ಈ ಶಾಸನ ತಗುಲದು ಎಂದು ಅದರಲ್ಲಿ ಒಂದು ವಿನಾಯಿತಿಯಿತ್ತು. ಹೀಗೊಂದು ಬಾಗಿಲು ತೆರೆದೊಡನೆ ಅದರಲ್ಲಿ ನುಗ್ಗುವವರೂ ಬಂದರು.

ಹ್ಯಾಂಪ್‌ಷೈರಿನಲ್ಲಿ ಪಿಯರ್ಸ್ ಎಂಬವನು ಟ್ವೈನ್ ಎಂಬವನಿಗೆ 400 ಪೌಂಡುಗಳನ್ನೂ ಇನ್ನೊಬ್ಬನಿಗೆ 200 ಪೌಂಡುಗಳನ್ನೂ ಕೊಡಬೇಕಾಗಿತ್ತು. ಅವನ ಚರಾಸ್ತಿಯೆಲ್ಲ ಸೇರಿ 300 ಪೌಂಡು ಬಾಳುತ್ತಿತ್ತು. ಎರಡನೆಯವನು ನ್ಯಾಯಸ್ಥಾನಕ್ಕೆ ಹೋದನು. ದಾವೆ ನಡೆಯುತ್ತಿರುವಾಗಲೇ ಪಿಯರ್ಸನು ತನ್ನ ಸ್ವತ್ತೆಲ್ಲವನ್ನೂ ಟ್ವೈನನಿಗೆ ಗುಟ್ಟಾಗಿ ಬರೆದುಕೊಟ್ಟನು. ಬರೆದುಕೊಟ್ಟ ಮೇಲೂ ಸ್ವತ್ತು ಅವನ ಹತ್ತಿರವೇ ಇದ್ದಿತು. ಕೆಲವನ್ನು ಮಾರಿದನು, ಕುರಿಗಳ ಉಣ್ಣೆ ಕತ್ತರಿಸಿದನು, ಅವುಗಳ ಮೇಲೆ ತನ್ನ ಗುರುತನ್ನೇ ಹಾಕಿದನು. ಡಿಕ್ರಿ ಪಡೆದವನ ಕಡೆಯಿಂದ ಜಪ್ತಿಗೆ ಬಂದವರನ್ನು ಟ್ವೈನನ ಜನ ಅಡ್ಡಗಟ್ಟಿದರು. 1601ರಲ್ಲಿ ಈ ವ್ಯಾಜ್ಯ ಸ್ಟಾರ್ ಛೇಂಬರ್ ಎಂಬ ನ್ಯಾಯಸಭೆಯ ಮುಂದೆ ಬಂದಿತು; ಅಟಾರ್ನಿ ಜನರಲ್ ಆಗಿದ್ದ ಎಡ್ವರ್ಡ್ ಕೋಕನೇ ಅದರ ವರದಿಯನ್ನೂ ಬರೆದನು. ಟ್ವೈನನಿಗೆ ಸಾಲ ಬರಬೇಕಾಗಿದ್ದುದು ನಿಜ, ಆದ್ದರಿಂದ ಪ್ರತಿಫಲವಿದ್ದುದೂ ನಿಜ. ಆದರೆ ವ್ಯವಹಾರ ಬೋನಾ ಫೈಡಿ ನಡೆಯಲಿಲ್ಲವೆಂದು ತೀರ್ಪಾಯಿತು. ವಂಚನೆಯ ಲಕ್ಷಣಗಳೆಂದು ನ್ಯಾಯಸಭೆಯು ಎಣಿಸಿದವುಗಳಲ್ಲಿ, ಏನನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಕೊಟ್ಟದ್ದು, ಕೊಟ್ಟ ಮೇಲೂ ಅನುಭವಿಸಿದ್ದು, ಗುಟ್ಟಾಗಿ ಮಾಡಿದ್ದು, ದಾವೆ ನಡೆಯುತ್ತಿರುವಾಗ ಮಾಡಿದ್ದು ಮೊದಲಾದವುಗಳಿದ್ದುವು. ಪಟ್ಟಿಯ ಕೊನೆಯಲ್ಲಿ ಬಂದದ್ದು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಪಿಯರ್ಸನ ದಾನಪತ್ರದಲ್ಲಿಯೇ ‘ಇದನ್ನು ಪ್ರಾಮಾಣಿಕವಾಗಿ, ಸತ್ಯವಾಗಿ, ಬೋನಾ ಫೈಡಿ ಮಾಡಿದೆ’ ಎಂದು ಬರೆದಿತ್ತು. ಪತ್ರಗಳಲ್ಲಿ ವಾಡಿಕೆಯಿಲ್ಲದ ಇಂಥ ಮಾತು ಏಕೆ ಬಂದಿತು? ವಾಡಿಕೆಯಿಲ್ಲದ ಒಕ್ಕಣೆಯು ಸಂದೇಹಕ್ಕೆ ಎಡೆಗೊಡುತ್ತದೆ ಎಂದು ನ್ಯಾಯಾಧೀಶರು ಅದನ್ನೂ ಮೋಸದ ಗುರುತುಗಳ ಸಾಲಿಗೆ ಸೇರಿಸಿದರು.

ಎಂಥ ವಿಚಿತ್ರ ನೋಡಿ. ರೋಮಿನಲ್ಲಿ ನಂಬುಗೆಯನ್ನು ಕಾಯುವುದಕ್ಕಾಗಿ ಹುಟ್ಟಿದ ಪದವೇ ಇಲ್ಲಿ ಅಪನಂಬಿಕೆಗೆ ಸಾಕ್ಷಿಯಾಯಿತು. ಪದವು ಬದಲಾಗಿರಲಿಲ್ಲ, ಆಡಿದವನ ಸ್ಥಾನ ಬದಲಾಗಿತ್ತು. ಪ್ರೀಟರನು ಆ ಪದವನ್ನು ಮೂರನೆಯವನಾದ ನ್ಯಾಯಾಧಿಪತಿಗೆ ಅಳತೆಗೋಲಾಗಿ ಕೊಟ್ಟಿದ್ದನು. ಪಿಯರ್ಸನು ಆ ಕೋಲನ್ನು ತಾನೇ ಹಿಡಿದು ತನ್ನನ್ನು ಅಳೆದುಕೊಂಡನು.

ಅಳೆಯುವವನು ಅನ್ಯನೇ ಆಗಬೇಕೆಂಬುದು ಹೀಗೆ ಸ್ಥಿರವಾಯಿತು. ಏನನ್ನು ಅಳೆಯಬೇಕೆಂಬ ಜಗಳ ಮಾತ್ರ ಉಳಿಯಿತು. ಮನಸ್ಸಿನಲ್ಲಿ ಕಪಟವಿಲ್ಲದಿದ್ದರೆ ಸಾಕೆ, ಅಥವಾ ಕಣ್ಣುತೆರೆದು ನೋಡುವ ಎಚ್ಚರವೂ ಬೇಕೆ? 1824ರಲ್ಲಿ ಲಂಡನ್ನಿನಲ್ಲಿ ಒಂದು ಕಳವಿನ ಹುಂಡಿಯ ವ್ಯಾಜ್ಯ ನಡೆಯಿತು. ಬೆಳಗಿನ ಹೊತ್ತು ಅಪರಿಚಿತನೊಬ್ಬನು ತಂದ ಹುಂಡಿಯನ್ನು ದಲ್ಲಾಳಿಯ ಗುಮಾಸ್ತೆಯು ಹೆಸರನ್ನು ಸಹ ಕೇಳದೆ ವಟಾಯಿಸಿಕೊಟ್ಟಿದ್ದನು. ಮುಖವನ್ನು ಎಲ್ಲಿಯೋ ನೋಡಿದಂತಿತ್ತೆಂದು ಅವನ ಸಮಾಧಾನ. ಎಚ್ಚರವುಳ್ಳ ಮನುಷ್ಯನಿಗೆ ಸಂಶಯ ಬರಬೇಕಾಗಿದ್ದ ಸಂದರ್ಭದಲ್ಲಿ ವಿಚಾರಿಸದೆ ತೆಗೆದುಕೊಂಡವನಿಗೆ ರಕ್ಷಣೆಯಿಲ್ಲವೆಂದು ಅಂದಿನ ನ್ಯಾಯಾಧೀಶರು ನಿರ್ಣಯಿಸಿದರು. ವರ್ತಕರು ಇದನ್ನು ಸಹಿಸಲಿಲ್ಲ. ಕೈಯಿಂದ ಕೈಗೆ ಹರಿಯಬೇಕಾದ ಹುಂಡಿಯ ಪೂರ್ವೋತ್ತರವನ್ನು ಪ್ರತಿಯೊಬ್ಬನೂ ಕೆದಕುತ್ತ ಕುಳಿತರೆ ವ್ಯಾಪಾರ ನಡೆದ ಹಾಗೆಯೇ! 1836ರಲ್ಲಿ ಅದೇ ನ್ಯಾಯಸ್ಥಾನವು ಹಿಂದಿನ ಮತವನ್ನು ಬಿಟ್ಟು, ಎಷ್ಟೇ ದೊಡ್ಡ ಅಜಾಗರೂಕತೆಯಾದರೂ ಅದೇ ದುರ್ಭಾವವಾಗದು ಎಂದಿತು. ಪ್ರಾಮಾಣಿಕವಾಗಿ ಮಾಡಿದ್ದಾದರೆ ಅಜಾಗರೂಕತೆಯಿದ್ದರೂ ಇಲ್ಲದಿದ್ದರೂ ಅದು ಸದ್ಭಾವದಿಂದ ಮಾಡಿದ್ದೇ ಎಂದು 1882ರ ಹುಂಡಿಗಳ ಶಾಸನದಲ್ಲಿ ಇಂಗ್ಲೆಂಡು ಬರೆದುಕೊಂಡಿತು.

ಇತ್ತ ಹಿಂದೂದೇಶದಲ್ಲಿ ಮೆಕಾಲೆಯ ಮುಂದಾಳುತನದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಅಂಗೀಕಾರವಾದ ದಂಡಸಂಹಿತೆಯು ಬೇರೆ ದಾರಿ ಹಿಡಿದಿತ್ತು. ಸದ್ಭಾವವೆಂದರೇನೆಂದು ಅದರ 52ನೆಯ ಕಲಮು ಹೇಳುವುದಿಲ್ಲ, ಏನಲ್ಲವೆಂಬುದನ್ನು ಹೇಳುತ್ತದೆ. ತಕ್ಕ ಎಚ್ಚರಿಕೆಯೂ ಗಮನವೂ ಇಲ್ಲದೆ ಮಾಡಿದ್ದು, ನಂಬಿದ್ದು, ಯಾವುದೂ ಸದ್ಭಾವದ್ದಲ್ಲ. ಈ ಸಂಹಿತೆಯಲ್ಲಿ ಉದಾಹರಣೆಗಳಾಗಿ ಕೊಟ್ಟಿರುವ ಪುಟ್ಟ ಪುಟ್ಟ ಕಥೆಗಳು ಓದಲು ಸೊಗಸಾಗಿವೆ. ಒಬ್ಬನನ್ನು ಹುಲಿ ಹೊತ್ತುಕೊಂಡು ಹೋಗುತ್ತಿದೆ. ಇನ್ನೊಬ್ಬನು, ಗುಂಡು ಆ ಮನುಷ್ಯನಿಗೇ ತಗುಲಬಹುದೆಂದು ತಿಳಿದೂ, ಅವನನ್ನು ಉಳಿಸಬೇಕೆಂಬ ಸದ್ಭಾವದಿಂದ ಹುಲಿಗೆ ಗುರಿಯಿಟ್ಟು ಹೊಡೆಯುತ್ತಾನೆ. ಗುಂಡು ಮನುಷ್ಯನಿಗೆ ತಗುಲಿ ಅವನಿಗೆ ಪ್ರಾಣಾಂತಿಕ ಗಾಯವಾಗುತ್ತದೆ. ಹೊಡೆದವನು ಅಪರಾಧಿಯಲ್ಲ. ನೀನು ಬದುಕಲಾರೆ ಎಂದು ರೋಗಿಗೆ ಸದ್ಭಾವದಿಂದ ತಿಳಿಸಿದ ವೈದ್ಯನೂ, ಆ ಆಘಾತದಿಂದಲೇ ರೋಗಿ ಸತ್ತರೂ, ಅಪರಾಧಿಯಲ್ಲ.

ಆದರೆ 1887ರಲ್ಲಿ ಕಲ್ಕತ್ತೆಯ ಹೈಕೋರ್ಟಿನ ಮುಂದೆ ಬಂದ ಒಬ್ಬ ಕವಿರಾಜನಿಗೆ, ಎಂದರೆ ನಾಟಿ ವೈದ್ಯನಿಗೆ, ಈ ರಕ್ಷಣೆ ದೊರೆಯಲಿಲ್ಲ. ಮೂಲವ್ಯಾಧಿಯಿಂದ ನರಳುತ್ತಿದ್ದವನೊಬ್ಬನಿಗೆ ಅವನು ಸಾಮಾನ್ಯವಾದ ಚಾಕುವಿನಿಂದ ಶಸ್ತ್ರಚಿಕಿತ್ಸೆ ಮಾಡಿದನು. ರಕ್ತ ನಿಲ್ಲದೆ ರೋಗಿ ತೀರಿಕೊಂಡನು. ವೈದ್ಯನಿಗೆ ಕೇಡಿನ ಬುದ್ಧಿಯಿರಲಿಲ್ಲ. ಇಂಥ ಚಿಕಿತ್ಸೆಯನ್ನು ಅವನು ಹಿಂದೆಯೂ ಮಾಡಿದ್ದನು. ಆದರೂ ಶಸ್ತ್ರವಿದ್ಯೆಯನ್ನು ಕಲಿಯದೆ ಇಂಥ ಅಪಾಯದ ಕೆಲಸಕ್ಕೆ ಕೈಹಾಕಿದವನಲ್ಲಿ ತಕ್ಕ ಎಚ್ಚರಿಕೆಯಿತ್ತೆನ್ನಲಾಗದೆಂದು ನ್ಯಾಯಾಧೀಶರು ಅವನ ಶಿಕ್ಷೆಯನ್ನು ಎತ್ತಿಹಿಡಿದರು. ಈ ತೀರ್ಪು ಕಠಿನವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಹುಂಡಿಯಲ್ಲಿ ತಪ್ಪಿದರೆ ಹೋಗುವುದು ಹಣ, ಅದೂ ಇಬ್ಬರು ವರ್ತಕರಲ್ಲಿ ಒಬ್ಬರದು. ಚಾಕುವಿನಡಿಯಲ್ಲಿ ಮಲಗಿದವನು ವೈದ್ಯನ ಮನಸ್ಸಿನ ಶುದ್ಧಿಯನ್ನು ನಂಬಿ ಮಲಗಿರುವುದಿಲ್ಲ, ಕೈಯನ್ನು ನಂಬಿ ಮಲಗಿರುತ್ತಾನೆ. ಬಲಗೈಗೆ ಬಟ್ಟೆ ಸುತ್ತಿ ಫಿಡೇಸ್ ದೇವತೆಯನ್ನು ಪೂಜಿಸಿದವರಿಗೆ ಇದು ತಿಳಿದಿತ್ತೆಂದು ಕಾಣುತ್ತದೆ.

ಸ್ವಾರಸ್ಯವೇನೆಂದರೆ, ಹಿಂದೂದೇಶದ ಶಾಸನಕರ್ತರು ಎರಡು ಅರ್ಥಗಳಲ್ಲಿ ಒಂದನ್ನು ಆರಿಸಿಕೊಳ್ಳಲಿಲ್ಲ, ಎರಡನ್ನೂ ಇಟ್ಟುಕೊಂಡರು. 1897ರ ಸಾಮಾನ್ಯ ಖಂಡಗಳ ಶಾಸನವು ಇಂಗ್ಲೆಂಡಿನ ಅರ್ಥವನ್ನು ಸ್ವೀಕರಿಸಿತು: ಪ್ರಾಮಾಣಿಕತೆಯಿದ್ದರೆ ಸಾಕು. 1908ರ ಕಾಲಪರಿಮಿತಿ ಶಾಸನವೂ ಅದರ ಸ್ಥಾನದಲ್ಲಿ ಬಂದ 1963ರ ಶಾಸನವೂ ಎಚ್ಚರಿಕೆಯೂ ಬೇಕೆಂದುವು. ಅಧಿಕಾರವಿಲ್ಲದ ನ್ಯಾಯಸ್ಥಾನದಲ್ಲಿ ತಪ್ಪಿ ದಾವೆ ಹೂಡಿದ ಕಕ್ಷಿಗಾರನು, ಅಲ್ಲಿ ಕಳೆದುಹೋದ ದಿನಗಳನ್ನು ವಾಯಿದೆಯ ಲೆಕ್ಕದಿಂದ ಬಿಡಿಸಿಕೊಳ್ಳಬೇಕಾದರೆ, ಸದ್ಭಾವದಿಂದ ನಡೆಸಿದೆನೆಂದು ತೋರಿಸಬೇಕು. ವಿಚಾರಿಸದೆ ಹೂಡಿದೆ ಎಂದರೆ ಕೆಟ್ಟನು. 1882ರ ಸ್ವತ್ತು ವರ್ಗಾವಣೆ ಶಾಸನವು ಇನ್ನೂ ಜಾಣತನದ್ದು. ಮೇಲ್ನೋಟದ ಮಾಲೀಕನಿಂದ ಮನೆ ಕೊಂಡವನಿಗೆ ರಕ್ಷಣೆ ಬೇಕಾದರೆ, ಮಾರುವವನಿಗೆ ಅಧಿಕಾರವುಂಟೇ ಎಂದು ಅವನು ಸಾಕಷ್ಟು ಎಚ್ಚರಿಕೆಯಿಂದ ವಿಚಾರಿಸಿರಬೇಕು ಎಂದು ಒಮ್ಮೆ, ಸದ್ಭಾವದಿಂದ ನಡೆದಿರಬೇಕು ಎಂದು ಇನ್ನೊಮ್ಮೆ, ಎರಡನ್ನೂ ಬೇರೆಬೇರೆಯಾಗಿ ಹೇಳಿ ಜಗಳಕ್ಕೆ ಎಡೆಯಿಲ್ಲದಂತೆ ಮಾಡಿಬಿಟ್ಟಿತು.

1860ರ ದಂಡಸಂಹಿತೆಯು ಈಗ ಜಾರಿಯಲ್ಲಿಲ್ಲ. 2023ರಲ್ಲಿ ಅಂಗೀಕಾರವಾದ ಭಾರತೀಯ ನ್ಯಾಯ ಸಂಹಿತೆಯು 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿದೆ. ಕಲಮುಗಳ ಸಂಖ್ಯೆಗಳು ಬದಲಾದುವು, ಹಲವು ಅಪರಾಧಗಳು ಹೊಸದಾಗಿ ಸೇರಿದುವು. ಸದ್ಭಾವದ ವ್ಯಾಖ್ಯೆ ಮಾತ್ರ ಎರಡನೆಯ ಕಲಮಿನೊಳಗೆ ಹಳೆಯ ಮಾತುಗಳಲ್ಲಿಯೇ ಉಳಿದುಬಂದಿದೆ. 30ನೆಯ ಕಲಮಿನ ಉದಾಹರಣೆಗಳಲ್ಲಿ ಆ ಹುಲಿಯು ಆ ಮನುಷ್ಯನನ್ನು ಇನ್ನೂ ಹೊತ್ತುಕೊಂಡು ಹೋಗುತ್ತಲೇ ಇದೆ.